ಓರಗಿತ್ತಿಯ ಸ್ಪೀಕರ್, ನನ್ನ ಹೊಟ್ಟೆಕಿಚ್ಚು

ನಮ್ಮ ಮನೆಯಲ್ಲಿ ಹಾಡು ಶುರುವಾಯಿತೆಂದರೆ ಜೊತೆಗೆ ಇನ್ನೊಂದು ಏನಾದರೂ ಶುರುವಾಗಲೇಬೇಕು. ಕುಕ್ಕರ್ ಕೂಗುತ್ತದೆ, ಮಗಳು ಅಳುತ್ತಾಳೆ, ಅತ್ತೆಗೆ ಸೊಂಟ ಹಿಡಿಯುತ್ತದೆ, ಗ್ಯಾಸಿನವನು ಬಂದು ಅಂಗಳದಲ್ಲಿ ಸಿಲಿಂಡರ್ ಉರುಳಿಸುತ್ತಾನೆ. ಹಾಡು ಇಲ್ಲದಾಗ ಇವರೆಲ್ಲ ಎಲ್ಲಿ ಅಡಗಿರುತ್ತಾರೋ ದೇವರೇ ಬಲ್ಲ. ಕಳೆದ ವರ್ಷವಿಡೀ ಹೀಗೇ ಹೋಯಿತು. ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುವವಳು ನಾನು. ಓದಿದ್ದು ಹತ್ತನೇ ಕ್ಲಾಸು, ಹಾಡಿನ ಹುಚ್ಚು ಮಾತ್ರ ಡಬಲ್ ಡಿಗ್ರಿಯದ್ದು.

೧. ಎಲೆಯ ಊಟ

ಇದಕ್ಕೆಲ್ಲ ಮೂಲ ಶಿರ್ವದಲ್ಲಿರುವ ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣ ಗಲ್ಫಿನಲ್ಲಿ, ಇವರು ಇಲ್ಲಿ ಮಾಳಿಗೆ ಮನೆಯಲ್ಲಿ. ಪಾಲು ಬಹಳ ನ್ಯಾಯವಾಗಿ ಆಗಿದೆ. ಗಲ್ಫ್ ಅವರ ಪಾಲಿಗೆ, ಅತ್ತೆ ನನ್ನ ಪಾಲಿಗೆ.

ವರ್ಷದ ಶುರುವಿನಲ್ಲಿ ಭಾವ ಊರಿಗೆ ಬಂದವರು ಮಾಳಿಗೆಯ ಒಂದು ಕೋಣೆಯಲ್ಲಿ ಎರಡು ದೊಡ್ಡ ಸ್ಪೀಕರ್ ಇಟ್ಟು ಹೋದರು. ಅಲ್ಲಿಂದ ಓರಗಿತ್ತಿಗೆ ಸಂಗೀತದ ಜ್ಞಾನ ಉಕ್ಕತೊಡಗಿತು. ಭಾನುವಾರ ಸಂಜೆಯಾದರೆ ಫೋನ್.

"ಇವತ್ತು ಒಂದು ಆಲ್ಬಮ್ ಮುಗಿಸಿದೆ ಮಾರಾಯ್ತಿ. ಮೊದಲಿಂದ ಕೊನೆಯವರೆಗೆ. ನೀನು ಎಂತ ಕೇಳಿದೆ?"

"ಫೋನಲ್ಲಿ ಒಂದು ಹಾಡು ಕೇಳಿದೆ ಅಕ್ಕ."

"ಒಂದೇ ಹಾಡಾ? ಬಿಡಿ ಹಾಡು ಕೇಳುವುದೆಂದರೆ ಮದುವೆಮನೆಗೆ ಹೋಗಿ ಉಪ್ಪಿನಕಾಯಿ ಮಾತ್ರ ನೆಕ್ಕಿ ಬಂದ ಹಾಗೆ. ಆಲ್ಬಮ್ ಎಂದರೆ ಎಲೆಯ ಊಟ. ಕೋಸಂಬರಿಯಿಂದ ಪಾಯಸದವರೆಗೆ ಕ್ರಮವಾಗಿ ಕೂತು ಉಣ್ಣಬೇಕು."

ಹೊಟ್ಟೆಯ ಉರಿಗೆ ಪುನರ್ಪುಳಿ ಶರಬತ್ತು ಒಳ್ಳೆಯದು ಎನ್ನುತ್ತಾರೆ. ಒಂದು ಚೊಂಬು ಕುಡಿದೆ. ಇದು ಆ ಜಾತಿಯ ಉರಿಯಲ್ಲ.

ಅವತ್ತೇ ಹಟ ತೊಟ್ಟೆ. ಈ ವರ್ಷ ಮುಗಿಯುವುದರೊಳಗೆ ಒಂದೇ ಒಂದು ಆಲ್ಬಮನ್ನಾದರೂ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೂತಲ್ಲಿಂದ ಏಳದೆ ಕೇಳಬೇಕು. ಆಮೇಲೆ ನಾನೇ ಶಿರ್ವಕ್ಕೆ ಫೋನ್ ಮಾಡಿ, "ಪಾಯಸ ಸ್ವಲ್ಪ ಸಪ್ಪೆ ಇತ್ತು ಅಕ್ಕ" ಎಂದು ಹೇಳಬೇಕು.

ಮರುದಿನ ಮಧ್ಯಾಹ್ನ ಫೋನಿನಲ್ಲಿ ಒಂದು ಆಲ್ಬಮ್ ಹಾಕಿ ಕಣ್ಣು ಮುಚ್ಚಿ ಕೂತೆ. ದುಡ್ಡು ಕೊಡದೆ ಕೇಳುವವರಿಗೆ ನಡುನಡುವೆ ಜಾಹೀರಾತು ಬರುತ್ತದಲ್ಲ. ಪ್ರೇಯಸಿಯಿಲ್ಲದೆ ನನ್ನ ಎದೆ ಒಡೆಯಿತು ಎಂದು ಗಾಯಕ ಕರುಣೆ ಬರುವ ಹಾಗೆ ಹಾಡಿ ಮುಗಿಸಿದ. ತಕ್ಷಣ ಇನ್ನೊಬ್ಬ ಬಂದು, "ಬಿರುಕು ಬಿಡದ ಗೋಡೆಗೆ ನಮ್ಮದೇ ಸಿಮೆಂಟ್" ಎಂದ.

೨. ಎರಡೂ ಎಡಗೈ

ಸುಮ್ಮನೆ ಕೂತು ಕೇಳುವುದು ನನ್ನ ಹಣೆಯಲ್ಲಿ ಬರೆದಿಲ್ಲ, ಹೊಲಿಯುತ್ತಲೇ ಕೇಳುವ ಎಂದುಕೊಂಡೆ. ಮದುವೆಯ ಸೀಸನ್. ಪಕ್ಕದ ಓಣಿಯ ಹೆಂಗಸೊಬ್ಬರ ರವಿಕೆ ಅರ್ಧ ಆಗಿತ್ತು. ಹಿಂದೂಸ್ತಾನಿ ಆಲ್ಬಮ್ ಹಾಕಿದೆ. ಗಾಯಕರು ನಿಧಾನಕ್ಕೆ ಆಲಾಪ ಎತ್ತಿಕೊಂಡರು. ನನ್ನ ಕಾಲು ಮೆಷಿನಿನ ಮೇಲೆ, ಜೀವ ಆಲಾಪದ ಒಳಗೆ. ಮಗಳು ಅಂಗನವಾಡಿಯಲ್ಲಿ, ಅತ್ತೆ ಭಜನಾ ಮಂದಿರದಲ್ಲಿ. ಇಂಥ ಭಾಗ್ಯ ಶಿರ್ವದವರಿಗೂ ಇಲ್ಲ ಎಂದುಕೊಳ್ಳುವಾಗ ರವಿಕೆಯ ಯಜಮಾನಿಯೇ ಜಗಲಿ ಹತ್ತಿದರು.

"ಓಹೋ, ಹಾಡು ಕೇಳಲಿಕ್ಕೆ ಪುರುಸೊತ್ತುಂಟು! ನನ್ನ ರವಿಕೆಗೆ ಮಾತ್ರ ಇಲ್ಲ ಅಲ್ವಾ?"

"ಕೇಳುತ್ತಾ ಹೊಲಿಯುತ್ತಿದ್ದೇನಲ್ಲ ಅಕ್ಕ. ನೋಡಿ, ಕೈ ಕೂಡ ಇಟ್ಟಾಯಿತು."

ಅವರು ರವಿಕೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. ನಾನೂ ನೋಡಿದೆ. ಆಲಾಪದಲ್ಲಿ ಒಂದು ಕೈ ಇಟ್ಟಿದ್ದೆ, ತಬಲಾ ಶುರುವಾದ ಮೇಲೆ ಇನ್ನೊಂದು. ಎರಡೂ ಎಡಗೈಯೇ.

"ಇದನ್ನು ಹಾಕಿಕೊಂಡು ನಾನು ನಾಳೆ ಮೆಹಂದಿಗೆ ಹೇಗೆ ಹೋಗುವುದು?" ಎಂದು ಕೇಳಿದರು.

"ಒಂದೇ ಬದಿಯಿಂದ ಫೋಟೋ ತೆಗೆಸಿಕೊಳ್ಳಿ" ಎಂದೆ. ಬಾಯಿ ಸುಮ್ಮನಿರುವುದಿಲ್ಲ, ಏನು ಮಾಡುವುದು? ಹಾಡು ನಿಲ್ಲಿಸಿ, ಬಿಚ್ಚಿ, ಅವರ ಕಣ್ಣೆದುರೇ ಸರಿ ಮಾಡಿ ಕೊಟ್ಟೆ. ಈಗ ಅವರು ರವಿಕೆ ಬಟ್ಟೆ ತರುವಾಗ ಅಳತೆಯ ರವಿಕೆಯನ್ನು ಆಮೇಲೆ ಕೊಡುತ್ತಾರೆ, ನನ್ನ ಫೋನನ್ನು ಮೊದಲು ತೆಗೆದುಕೊಳ್ಳುತ್ತಾರೆ.

೩. ಬಜಗೋಳಿಯ ಸಂಬಂಧ

ನಮ್ಮ ಅತ್ತೆಗೆ ಎರಡು ಕೆಲಸ. ಒಂದು ಭಜನೆ, ಇನ್ನೊಂದು ಊರಿನವರಿಗೆ ಹೆಣ್ಣು ಗಂಡು ಹುಡುಕುವುದು. ಮದುವೆಯಾಗದವರನ್ನು ಕಂಡರೆ ಅವರಿಗೆ ರಸ್ತೆಯಲ್ಲಿ ಬಿದ್ದ ತೆಂಗಿನಕಾಯಿ ಕಂಡ ಹಾಗೆ, ಯಾರ ಮನೆಗಾದರೂ ಸೇರಿಸದೆ ಸಮಾಧಾನವಿಲ್ಲ.

ಒಂದು ಸಂಜೆ ಅವರು ಹೂ ಕಟ್ಟುತ್ತಾ ಕೂತಿದ್ದಾಗ ನಾನು ಒಂದು ಭಾವಗೀತೆಯ ಆಲ್ಬಮ್ ಹಾಕಿದೆ. ಬಿಟ್ಟುಹೋದವಳನ್ನು ನೆನೆದು ಒಬ್ಬ ಹಾಡುವುದು. ಮೊದಲ ಹಾಡಿಗೆ ಅತ್ತೆ ಮಾತಾಡಲಿಲ್ಲ. ಎರಡನೆಯದಕ್ಕೂ ಇಲ್ಲ. ನನಗೆ ಆಶ್ಚರ್ಯ. ಮೂರನೆಯದರಲ್ಲಿ ಹೂ ಬದಿಗಿಟ್ಟರು.

"ಪಾಪ. ಇವನಿಗೆ ಪ್ರಾಯ ಎಷ್ಟು?"

"ಗೊತ್ತಿಲ್ಲ ಅತ್ತೆ. ಹಾಡು ಕೇಳಿ."

"ಕೇಳಿದ್ದಕ್ಕೇ ಹೇಳುವುದು. ಸ್ವರ ನೋಡಿದರೆ ಒಳ್ಳೆ ಮನೆತನದವನ ಹಾಗೆ ಉಂಟು. ಕುಡಿಯುತ್ತಾನಾ?"

"ಅತ್ತೆ, ಅದು ಹಾಡು! ನಿಜವಾಗಿ ಯಾರೂ ಬಿಟ್ಟುಹೋಗಿಲ್ಲ!"

"ಹೋಗದೆ ಇಷ್ಟು ಅಳುತ್ತಾನಾ? ನಿನಗೆಂತ ಗೊತ್ತು, ಗಂಡಸರು ಸುಮ್ಮಸುಮ್ಮನೆ ಅಳುವುದಿಲ್ಲ" ಎಂದವರೇ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಹಾಡು ನಿಂತಿತು. ಅತ್ತೆ ಬಜಗೋಳಿಯಲ್ಲಿರುವ ತಮ್ಮ ತಂಗಿಗೆ ಕರೆ ಮಾಡಿ ಹೇಳಿದರು: "ನಿನ್ನ ನೆರೆಮನೆಯ ಹುಡುಗಿಗೆ ಆಯಿತಾ? ಇಲ್ಲವಾ? ಇಲ್ಲಿ ಒಬ್ಬ ಇದ್ದಾನೆ. ಸ್ವಲ್ಪ ಅಳುವುದು ಜಾಸ್ತಿ. ಮದುವೆಯಾದರೆ ಎಲ್ಲ ಸರಿಯಾಗುತ್ತದೆ."

೪. ಇಡೀ ಹಾಡಾ?

ಮಣಿಪಾಲದ ಹಾಸ್ಟೆಲ್ ಹುಡುಗಿಯೊಬ್ಬಳು ಪ್ಯಾಂಟ್ ಗಿಡ್ಡ ಮಾಡಿಸಲು ಕೊಟ್ಟಿದ್ದಳು. ನಾನು ಮಣಿಪಾಲಕ್ಕೆ ಹೋದ ದಿನ ಅಳತೆ ಇನ್ನೊಮ್ಮೆ ನೋಡುವ ಎಂದು ಇಬ್ಬರೂ ಹಾಸ್ಟೆಲ್ ಗೇಟಿನ ಬಳಿ ನಿಂತೆವು. ಅವಳ ಕುತ್ತಿಗೆಯಲ್ಲಿ ದೊಡ್ಡ ಹೆಡ್‌ಫೋನ್. ಎರಡು ದೋಸೆ ಕಾವಲಿಗಳನ್ನು ಕಿವಿಗೆ ಕಟ್ಟಿದ ಹಾಗೆ. ನನ್ನ ಕಣ್ಣು ಅದರ ಮೇಲೆಯೇ. ಇದನ್ನು ಹಾಕಿಕೊಂಡರೆ ಕುಕ್ಕರ್ ಕೇಳಲಿಕ್ಕಿಲ್ಲ, ಸಿಲಿಂಡರ್ ಕೇಳಲಿಕ್ಕಿಲ್ಲ, ಬಜಗೋಳಿ ಕೇಳಲಿಕ್ಕಿಲ್ಲ.

"ನೀವೆಲ್ಲ ಪುಣ್ಯವಂತರು ಮಾರಾಯ್ತಿ. ದಿನಕ್ಕೊಂದು ಆಲ್ಬಮ್ ಇಡೀ ಕೇಳಬಹುದು" ಎಂದೆ.

ಅವಳು ನಕ್ಕಳು. "ಇಡೀ ಆಲ್ಬಮಾ? ನಾನು ಇಡೀ ಹಾಡೇ ಕೇಳುವುದಿಲ್ಲ. ಆ ಒಂದು ಚಂದದ ಸಾಲು ಬರುತ್ತದಲ್ಲ, ಅಷ್ಟು ಕೇಳಿ ಮುಂದೆ ಹಾರಿಸುವುದು. ಇಡೀ ಹಾಡು ಈಗ ಯಾರು ಕೇಳುತ್ತಾರೆ ಆಂಟಿ?"

ಹಾಡು ಹಾರಿಸಿದ್ದನ್ನು ಕ್ಷಮಿಸಬಹುದಿತ್ತು, ಆಂಟಿ ಎಂದದ್ದನ್ನಲ್ಲ. ನನಗೂ ಅವಳಿಗೂ ಹೆಚ್ಚೆಂದರೆ ಏಳೆಂಟು ವರ್ಷದ ವ್ಯತ್ಯಾಸ. ಪ್ಯಾಂಟು ಪಾದದವರೆಗೆ ಇರಲಿ ಎಂದಿದ್ದಳು. ಈಗ ಸ್ವಲ್ಪ ಮೇಲೆಯೇ ಉಂಟು. ಇಡೀ ಪ್ಯಾಂಟ್ ಈಗ ಯಾರು ಹಾಕುತ್ತಾರೆ?

೫. ಹೊತ್ತಿಗೆ ಮೊದಲೇ

ನನ್ನ ಗಂಡ ಖಾಸಗಿ ಬಸ್ಸಿನ ಡ್ರೈವರ್. ಕಾರ್ಕಳದಿಂದ ಬೆಳ್ಮಣ್, ಕಾಪು ದಾಟಿ ಉಡುಪಿ. ಅವರ ಬಸ್ಸಿನಲ್ಲಿ ನಮ್ಮ ಮನೆಯಲ್ಲಿಲ್ಲದ್ದು ಒಂದುಂಟು, ಒಳ್ಳೆಯ ಸ್ಪೀಕರ್. ದಾರಿಯಲ್ಲಿ ಹೋಗುವ ಯಾರ್ಯಾರೋ ನನ್ನ ಗಂಡನ ಹಿಂದೆ ಕೂತು ಹಾಡು ಕೇಳುತ್ತಾರೆ, ನಾನು ಗಂಡನ ಅಂಗಿ ಒಗೆಯುತ್ತೇನೆ. ಹೊಟ್ಟೆ ಉರಿಯದೆ ಇರುತ್ತದಾ?

ಕಾರ್ಕಳದ ತವರಿಗೆ ಹೋದವಳು ಮರಳುವ ದಿನ ಒಂದು ಉಪಾಯ ಮಾಡಿದೆ. ಮಗಳನ್ನು ಇನ್ನೊಂದು ದಿನಕ್ಕೆ ಅಮ್ಮನ ಬಳಿ ಬಿಟ್ಟೆ. ಪೆನ್‌ಡ್ರೈವಿಗೆ ಒಂದು ಆಲ್ಬಮ್ ಹಾಕಿಸಿಕೊಂಡು ಗಂಡನ ಬಸ್ಸು ಹತ್ತಿದೆ.

"ಇದನ್ನು ಹಾಕಿ. ಉಡುಪಿ ಮುಟ್ಟುವವರೆಗೆ ಮುಟ್ಟಬೇಡಿ."

"ನಿನ್ನ ಸ್ಟಾಪ್ ಕಾಪು ಅಲ್ವಾ?"

"ಆಲ್ಬಮ್ ಮುಗಿಯುವುದು ಉಡುಪಿಯಲ್ಲಿ. ನಾನು ಅಲ್ಲೇ ಇಳಿಯುವುದು."

ಶುರು ಚೆನ್ನಾಗಿಯೇ ಆಯಿತು. ಪ್ರತಿ ಸ್ಟಾಪಿನಲ್ಲಿ ಕಂಡಕ್ಟರ್ ಬಾಗಿಲಲ್ಲಿ ನೇತಾಡಿ "ಉಡುಪಿ ಉಡುಪಿ ಉಡುಪಿ" ಎಂದು ತಾನೂ ಒಂದು ಚರಣ ಸೇರಿಸುತ್ತಿದ್ದ, ಇರಲಿ. ಬೆಳ್ಮಣ್ಣಿನಲ್ಲಿ ಒಬ್ಬರು ಹತ್ತಿ, ಫೋನಲ್ಲಿ ಮಾತಾಡಲಿಕ್ಕುಂಟು, ಹಾಡು ನಿಲ್ಲಿಸಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಗಾರೆ ಕೆಲಸಕ್ಕೆ ಹೋಗುವ ಬಾಗಲಕೋಟೆ ಕಡೆಯವನೊಬ್ಬ ಎದ್ದು ನಿಂತ.

"ಯಾಕ್ರೀ ಬಂದ್ ಮಾಡ್ಸ್ತೀರಿ? ಹಾಡು ಭಾಳ ಚಲೋ ಐತಿ. ಇಳಿದು ಮಾತಾಡ್ರಿ!"

ನನಗೆ ಅಣ್ಣನಿಲ್ಲದ ಕೊರಗು ಅವತ್ತು ಹೋಯಿತು.

ಕಾಪು ಬಂತು. "ಅಕ್ಕ, ನಿಮ್ಮ ಮನೆ" ಎಂದ ಕಂಡಕ್ಟರ್. "ಮನೆ ಓಡಿಹೋಗುವುದಿಲ್ಲ, ನೀನು ರೈಟ್ ಹೇಳು" ಎಂದೆ. ಲೆಕ್ಕ ಸರಿಯಾಗಿತ್ತು. ಬಸ್ಸು ಟೈಮಿಗೆ ಸರಿಯಾಗಿ ಹೋದರೆ ಕೊನೆಯ ಹಾಡು ಉಡುಪಿಯ ಸ್ಟ್ಯಾಂಡಿನಲ್ಲಿ ಮುಗಿಯಬೇಕು.

ಆಗ ಕನ್ನಡಿಯಲ್ಲಿ ಹಿಂದಿನ ಬಸ್ಸು ಕಂಡಿತು. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಹಿಂದಿನವನು ಮುಂದೆ ಹೋದರೆ ದಾರಿಯ ಜನವೆಲ್ಲ ಅವನ ಪಾಲು. ನನ್ನ ಗಂಡನ ಬೆನ್ನು ನೆಟ್ಟಗಾಯಿತು. ಹಾರ್ನಿನ ಮೇಲೆ ಕೈ ಇಟ್ಟವರು ತೆಗೆಯಲಿಲ್ಲ. "ನಿಧಾನ! ಇನ್ನೂ ಎರಡು ಹಾಡುಂಟು!" ಎಂದು ನಾನು ಕೂಗಿದೆ. ಪಕ್ಕದ ಅಜ್ಜಿ ನನ್ನ ಕೈ ಹಿಡಿದು, "ಹೆದರಬೇಡ ಮಗಾ, ಡ್ರೈವರ್ ಒಳ್ಳೆಯವನು" ಎಂದರು.

ಕೊನೆಯ ಹಾಡಿನ ಕೊಳಲು ಶುರುವಾಗುವುದಕ್ಕೂ ಬಸ್ಸು ಉಡುಪಿಯ ಸ್ಟ್ಯಾಂಡಿಗೆ ನುಗ್ಗುವುದಕ್ಕೂ ಸರಿಯಾಯಿತು. ಎಂಜಿನ್ ಬಂದ್. ಕೊಳಲೂ ಬಂದ್. ಜನರೆಲ್ಲ ಡ್ರೈವರನ್ನು ಹೊಗಳುತ್ತಾ ಇಳಿದರು. ಇವರು ಎದೆಯುಬ್ಬಿಸಿ ನನ್ನ ಮುಂದೆ ಬಂದು ನಿಂತರು. "ನೋಡಿದೆಯಾ? ಹೊತ್ತಿಗೆ ಮೊದಲೇ ಮುಟ್ಟಿಸಿದೆ!"

ಮದುವೆಯಾದಂದಿನಿಂದ ಈ ಮನುಷ್ಯ ಹೇಳಿದ ಹೊತ್ತಿಗೆ ಮನೆಗೆ ಬಂದದ್ದಿಲ್ಲ. ನಮ್ಮ ಮದುವೆಯ ಮುಹೂರ್ತಕ್ಕೇ ತಡವಾಗಿ ಬಂದವರು. ಜನ್ಮದಲ್ಲಿ ಒಮ್ಮೆ ಬೇಗ ಮುಟ್ಟಬೇಕಿದ್ದರೆ ನನ್ನ ಕೊನೆಯ ಹಾಡಿನ ದಿನವೇ ಆಗಬೇಕಿತ್ತಾ?

೬. ಪಾಯಸ

ವರ್ಷ ಮುಗಿಯುತ್ತಾ ಬಂತು. ಇನ್ನು ಉಳಿದದ್ದು ಮಾನ ಬಿಡುವ ದಾರಿಯೊಂದೇ. ಓರಗಿತ್ತಿಗೆ ನಾನೇ ಫೋನ್ ಮಾಡಿದೆ. "ಅಕ್ಕ, ಒಮ್ಮೆ ನಿಮ್ಮ ಕೋಣೆಯಲ್ಲಿ ಕೂತು ಕೇಳಬಹುದಾ?"

ಅವರ ಸ್ವರದಲ್ಲಿ ಸಕ್ಕರೆ ಪಾಕ ಏರಿತು. "ಅಯ್ಯೋ, ಕೇಳಬೇಕಾ? ಭಾನುವಾರ ಊಟಕ್ಕೇ ಬಾ."

ಗಂಡನಿಗೆ ಅವತ್ತು ರಜೆ. ಮಗಳನ್ನೂ ಅತ್ತೆಯನ್ನೂ ಅವರಿಗೆ ಒಪ್ಪಿಸಿ ಶಿರ್ವಕ್ಕೆ ಹೋದೆ. ಕೋಳಿಸಾರು, ನೀರುದೋಸೆ ಹೊಟ್ಟೆ ತುಂಬ ತಿನ್ನಿಸಿ ಮಾಳಿಗೆಗೆ ಕರೆದುಕೊಂಡು ಹೋದರು. ಕೋಣೆಯ ಬಾಗಿಲು ಹಾಕಿದರು. ಪರದೆ ಎಳೆದರು. ಎ.ಸಿ. ತಣ್ಣಗೆ ಬೀಸತೊಡಗಿತು. ಕೂತರೆ ಬೆನ್ನು ಹಿಂದಕ್ಕೆ ವಾಲಿ ಕಾಲು ತಾನಾಗಿ ಮೇಲೇರುವ ಎರಡು ಸೋಫಾ. ನನ್ನ ಮಗಳಷ್ಟೇ ಎತ್ತರದ ಸ್ಪೀಕರುಗಳು, ಒಂದೇ ವ್ಯತ್ಯಾಸ, ಇವು ಬಂದ್ ಎಂದರೆ ಬಂದ್ ಆಗುತ್ತವೆ.

"ನಾನು ಆಲ್ಬಮಿಗೆ ಕೂತರೆ ಈ ಬಾಗಿಲು ಯಾರೂ ಬಡಿಯಬಾರದು. ಮಕ್ಕಳಿಗೂ ಹೇಳಿಟ್ಟಿದ್ದೇನೆ" ಎಂದರು. ನಮ್ಮ ಮನೆಯಲ್ಲಿ ಬಚ್ಚಲಿನ ಬಾಗಿಲಿಗೂ ಆ ಮರ್ಯಾದೆ ಇಲ್ಲ.

ಮೊದಲ ಹಾಡು ಶುರುವಾಯಿತು. ಸುಳ್ಳು ಹೇಳಬಾರದು, ಗಾಯಕಿ ನನ್ನ ಪಕ್ಕದಲ್ಲೇ ಕೂತು ಹಾಡಿದ ಹಾಗಿತ್ತು. ಉಸಿರೆಳೆದದ್ದೂ ಕೇಳುತ್ತಿತ್ತು. ಓರಗಿತ್ತಿಯ ಕಡೆ ನೋಡಿದೆ. ಕಣ್ಣು ಮುಚ್ಚಿದ್ದರು, ತಲೆ ನಿಧಾನಕ್ಕೆ ತೂಗುತ್ತಿತ್ತು. ಎಂಥ ತನ್ಮಯತೆ! ಹೊಟ್ಟೆ ಮತ್ತೆ ಉರಿಯಿತು. ಇವರ ಹಾಗೆ ಕೇಳಲು ನನಗೆ ಏಳು ಜನ್ಮ ಬೇಕು.

ಎರಡನೇ ಹಾಡು ಮುಗಿಯುವಾಗ ತಲೆ ತೂಗುವುದು ನಿಂತಿತು. ಮೂರನೆಯದರಲ್ಲಿ ಯಾವುದೋ ಹೊಸ ವಾದ್ಯ ಸೇರಿಕೊಂಡಿತು. ಗರಗರ ಎಂದು ಏಳುತ್ತದೆ, ಉಸ್ಸೆಂದು ಇಳಿಯುತ್ತದೆ. ಎಡಬದಿಯ ಸ್ಪೀಕರಿನಿಂದ ಎಂದುಕೊಂಡೆ. ಕಿವಿ ಕೊಟ್ಟು ಕೇಳಿದರೆ, ಎಡಬದಿಯ ಸೋಫಾದಿಂದ.

ಓರಗಿತ್ತಿ ಗೊರಕೆ ಹೊಡೆಯುತ್ತಿದ್ದರು!

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನ ಹೊಟ್ಟೆ ಉರಿದದ್ದು ಹಾಡಿಗೆ, ಈಗ ಉರಿದ ಉರಿಯ ಮುಂದೆ ಅದು ಊದುಬತ್ತಿ. ಹಗಲು ಹೊತ್ತಿನಲ್ಲಿ ನಿದ್ದೆ! ಬಾಗಿಲು ಹಾಕಿ, ಕಾಲು ಮೇಲೆ ಮಾಡಿ, ಯಾರೂ ಬಡಿಯದ ನಿದ್ದೆ! ಮಗಳು ಹುಟ್ಟಿದ ಮೇಲೆ ಅಂಥದ್ದೊಂದು ಜಗತ್ತಿನಲ್ಲಿ ಉಂಟೆಂಬುದೇ ನನಗೆ ಮರೆತುಹೋಗಿತ್ತು. ಪ್ರತಿ ಭಾನುವಾರ ಇವರು ಉಂಡ ಎಲೆಯ ಊಟ ಇದು!

ಇರಲಿ, ಅವರು ಮಲಗಲಿ, ನಾನು ಕೇಳುತ್ತೇನೆ, ಕೊನೆಗೂ ನನ್ನ ಆಲ್ಬಮ್ ಎಂದುಕೊಂಡು ಗಟ್ಟಿಯಾಗಿ ಕೂತೆ. ಬೆನ್ನು ನೋಯುತ್ತಿತ್ತು. ಈ ಒಂದು ಹಾಡಿಗೆ ಮಾತ್ರ ಒರಗುವ ಎಂದು ಹಿಂದಕ್ಕೆ ವಾಲಿದೆ. ಸೋಫಾ ನನ್ನ ಕಾಲನ್ನು ಮೇಲೆತ್ತಿತು.

ಆಮೇಲೆ ಯಾರೋ ಭುಜ ಅಲುಗಿಸಿದರು. ಪರದೆಯ ಅಂಚಿನಲ್ಲಿ ಸಂಜೆಯ ಬಿಸಿಲು ಹಳದಿಯಾಗಿತ್ತು. ಸ್ಪೀಕರ್ ಸುಮ್ಮನಿತ್ತು.

"ಆಲ್ಬಮ್ ಮುಗಿಯಿತು" ಎಂದರು ಓರಗಿತ್ತಿ. ಅವರ ಕೆನ್ನೆಯ ಮೇಲೆ ದಿಂಬಿನ ಕಸೂತಿ ಎಲೆಬಳ್ಳಿ ಸಮೇತ ಮೂಡಿತ್ತು. "ಹೇಗಿತ್ತು?"

ಬಾಯಿ ಒರೆಸಿಕೊಂಡೆ. "ಅಕ್ಕ, ಆ ಕೊನೆಯ ಹಾಡುಂಟಲ್ಲ, ಸಾಯುವವರೆಗೆ ಮರೆಯಲಿಕ್ಕಿಲ್ಲ."

"ಅದೇ ಅಲ್ವಾ ನಾನು ಹೇಳುವುದು! ಕೊನೆಯ ಹಾಡು ಕೇಳದಿದ್ದರೆ ಕೇಳಿದ್ದೇ ವ್ಯರ್ಥ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಯಾರೂ ನಗಲಿಲ್ಲ. ಕಾಫಿ ಕುಡಿದು ಹೊರಡುವಾಗ ಅವರು ಗೇಟಿನವರೆಗೆ ಬಂದು, ಯಾವತ್ತೂ ಇಲ್ಲದ ಪ್ರೀತಿಯಿಂದ ಕೇಳಿದರು, "ಮುಂದಿನ ಭಾನುವಾರವೂ ಬರುತ್ತೀಯಾ?"

"ಬರುತ್ತೇನೆ ಅಕ್ಕ" ಎಂದೆ. "ಸ್ವಲ್ಪ ಉದ್ದದ ಆಲ್ಬಮ್ ಹಾಕಿ."