ಹೆಸರು ಹೇಳಿಕೊಂಡು ಹೋಗುವ ವಿಮಾನಗಳು

ಮಕ್ಕಳೇ, ನನ್ನ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳಲು ನನಗೆ ಈ ವಯಸ್ಸಿನಲ್ಲೂ ನಾಚಿಕೆ. ನಮ್ಮೂರ ಶಾಲೆಗೆ ಇನ್‌ಸ್ಪೆಕ್ಟರು ಬಂದು ಹೆಸರು ಕೇಳಿದಾಗ ನಾನು ಪಕ್ಕದ ಹುಡುಗಿಯ ಮುಖ ನೋಡಿದ್ದೆ, ಅವಳೇ ಹೇಳಿದಳು. ಮದುವೆಯಾಗಿ ರಾಜಗೋಪಾಲನಗರಕ್ಕೆ ಬಂದ ಮೇಲೆ ನಾನು ‘ಟರ್ನರ್ ಮನೆಯವರು’ ಆದೆ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ನಿಮ್ಮ ತಾತ ಇರುವಷ್ಟು ದಿನ ಆ ಹೆಸರಿನ ಹಿಂದೆ ಆರಾಮವಾಗಿ ಅಡಗಿಕೊಂಡಿದ್ದೆ. ಇಂಥವಳ ಮನೆಯ ಮೇಲೆ, ಆಕಾಶದಲ್ಲಿ ಹೋಗುವವರೆಲ್ಲರ ಹೆಸರು ಕೇಳಿಸಿಕೊಳ್ಳುವ ಯಂತ್ರ ಬಂದು ಕೂತ ಕಥೆಯನ್ನು ಬರೆದಿಡುತ್ತೇನೆ. ನಿಮ್ಮ ಅಕ್ಕ ಪಲ್ಲವಿ ತನಗೆ ಬೇಕಾದ ಹಾಗೆ ಅದನ್ನು ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಪಲ್ಲವಿಗೆ ವಿಮಾನದ ಹುಚ್ಚು. ಆದರೆ ವೈಟ್‌ಫೀಲ್ಡಿನ ಅವರ ಬಾಲ್ಕನಿಯಿಂದ ಕಾಣುವುದು ಎದುರಿನವರ ಬಾಲ್ಕನಿ ಮಾತ್ರ. ಅತ್ತಿಬೆಲೆಯಾಚೆ ತಾತ ಕಟ್ಟಿಸಿದ, ನಾನೀಗ ಇರುವ ಈ ಮನೆಯ ಸುತ್ತ ಹುಣಸೆಮರಕ್ಕಿಂತ ಎತ್ತರದ್ದು ಏನೂ ಇಲ್ಲ. ಆದ್ದರಿಂದ ಒಂದು ಭಾನುವಾರ ಬಂದು, ತಾರಸಿಯಲ್ಲಿ ನೀರಿನ ಟ್ಯಾಂಕಿಗಿಂತ ಮೇಲೆ ಹೋಗುವಂತೆ ಕಬ್ಬಿಣದ ಪೈಪು ನಿಲ್ಲಿಸಿ, ಅದರ ತುದಿಗೆ ಬಿಳಿಯ ಕೋಲಿನಂಥ ಆಂಟೆನಾ ಕಟ್ಟಿದಳು. ಮೆಟ್ಟಿಲ ತಿರುವಿನ ಗೂಡಿನಲ್ಲಿ ಸೋಪಿನ ಡಬ್ಬಿಯಷ್ಟು ಚಿಕ್ಕ ಕಂಪ್ಯೂಟರು, ಕರೆಂಟು ಹೋದರೂ ಅದು ನಡೆಯಲಿ ಎಂದು ಪಕ್ಕದಲ್ಲಿ ಒಂದು ಯುಪಿಎಸ್. “ಅಜ್ಜಿ, ಇದು ಹಗಲೂ ರಾತ್ರಿ ಓಡ್ತಾನೇ ಇರ್ಬೇಕು. ನಾನು ಅಲ್ಲಿಂದಾನೇ ನೋಡ್ಕೋತೀನಿ, ನೀನು ಏನೂ ಮಾಡ್ಬೇಡ” ಎಂದಳು. ಏನೂ ಮಾಡದೆ ಇರುವುದು ನನ್ನಿಂದಾಗದ ಕೆಲಸ ಎಂದು ಆಗಲೇ ಹೇಳಬೇಕಿತ್ತು. ನಾಚಿಕೆಯಾಗಿ ಸುಮ್ಮನಾದೆ.

ಆ ಡಬ್ಬಿಯ ಕೆಲಸವೇನೆಂದು ಪಲ್ಲವಿಯಿಂದ ಎರಡೆರಡು ಸಲ ಹೇಳಿಸಿಕೊಂಡೆ. ಮೇಲೆ ಹೋಗುವ ಪ್ರತಿಯೊಂದು ವಿಮಾನವೂ ತಾನು ಯಾರು, ಎಷ್ಟು ಎತ್ತರದಲ್ಲಿದ್ದೇನೆ, ಎತ್ತ ಹೋಗುತ್ತಿದ್ದೇನೆ ಎಂದು ಕ್ಷಣಕ್ಷಣಕ್ಕೂ ಹೇಳಿಕೊಂಡೇ ಹೋಗುತ್ತದಂತೆ. ಯಾರೂ ಕೇಳಬೇಕಾಗಿಲ್ಲ. ನಮ್ಮೂರಲ್ಲಿ ಕತ್ತಲಾದ ಮೇಲೆ ಹೊಲದ ದಾರಿಯಲ್ಲಿ ಬರುವವರು, ಮನೆಯವರು ಹೆದರಬಾರದೆಂದು, ಬೇಲಿಯಾಚೆಯಿಂದಲೇ “ನಾನು ಕಣಕ್ಕಾ, ಮೇಗಲಟ್ಟಿ ನಿಂಗ, ಅಂಗೇ ಓಯ್ತಾ ಇವ್ನಿ” ಎಂದು ಕೂಗಿ ಹೋಗುತ್ತಿದ್ದರು. ಅಷ್ಟು ದೊಡ್ಡ ವಿಮಾನಕ್ಕೂ ಅದೇ ಮರ್ಯಾದೆ! ಪಲ್ಲವಿ ನನ್ನ ಫೋನಿನಲ್ಲೂ ಅದು ಕಾಣುವ ಹಾಗೆ ಮಾಡಿಕೊಟ್ಟಳು. ಸಂಜೆ ನಾಲ್ಕಕ್ಕೆ ಕಾಫಿ ಲೋಟದೊಂದಿಗೆ ಕೂತರೆ, ಮೇಲೆ ಬಿಳಿಗೆರೆ ಎಳೆಯುತ್ತಾ ಒಂದು ಹೋಗುತ್ತದೆ, ಕೈಯಲ್ಲಿ ಅದರ ಹೆಸರು ಮೂಡುತ್ತದೆ. ತಾತ ಲೇತಿನಲ್ಲಿ ಕಡೆದು ಕೊಟ್ಟ ಬಿಡಿಭಾಗಗಳಲ್ಲಿ ಕೆಲವು ವಿಮಾನಕ್ಕೂ ಹೋಗುತ್ತಿದ್ದವಂತೆ. ಅವರು ಮಾತ್ರ ಒಮ್ಮೆಯೂ ವಿಮಾನ ಹತ್ತಲಿಲ್ಲ. ಇದರಲ್ಲಿ ನಿಮ್ಮದೇನಾದರೂ ಇದೆಯೇ ಎಂದು ಒಂದೊಂದು ವಿಮಾನವನ್ನೂ ಮನಸ್ಸಿನಲ್ಲೇ ಕೇಳುತ್ತೇನೆ. ಇದನ್ನೆಲ್ಲ ತಾರಸಿಗೆ ಹೋಗದೆ ಅಂಗಳದಿಂದಲೇ ನೋಡಬೇಕೆಂಬುದು ನನ್ನ ಮಗಳು, ಪಲ್ಲವಿಯ ಅಮ್ಮ ಶಾರದೆಯ ಕಟ್ಟಪ್ಪಣೆ. ನನ್ನ ಮಂಡಿನೋವಿಗೆ ಮೆಟ್ಟಿಲು ಆಗದಂತೆ.

ಹೀಗಿರುವಾಗ ಆಯುಧಪೂಜೆ ಬಂತು. ಪೀಣ್ಯದವರಿಗೆ ಆ ಹಬ್ಬದ ಮುಂದೆ ಬೇರೆ ಹಬ್ಬವಿಲ್ಲ. ಹಿಂದಿನ ದಿನವೇ ಯಂತ್ರ ಒರೆಸಿ, ಎಣ್ಣೆ ಬಿಟ್ಟು, ಆರಿಸಿ, ವಿಭೂತಿ ಕುಂಕುಮ ಇಟ್ಟರೆ ಮರುಪೂಜೆಯವರೆಗೆ ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನವಾದರೂ ವಿಶ್ರಾಂತಿ ಕೊಡದವನು ಕೆಲಸಗಾರನೇ ಅಲ್ಲ ಎನ್ನುತ್ತಿದ್ದರು ತಾತ. ಹಗಲೂ ರಾತ್ರಿ ಕಿವಿಗೊಟ್ಟು ಕೂತಿರುವ ಆ ಡಬ್ಬಿಯನ್ನು ಕಂಡು ನನಗೆ ಅಯ್ಯೋ ಅನ್ನಿಸಿತು. ಗೋಡೆಯ ಸ್ವಿಚ್ಚು ಆರಿಸಿದೆ. ಅದರ ದೀಪ ಆರಲಿಲ್ಲ. ಯುಪಿಎಸ್ಸಿನ ಗುಂಡಿಯನ್ನೂ ಒತ್ತಿ ಹಿಡಿದೆ, ಆರಿತು. ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಕಡ್ಲೆಪುರಿ ನೈವೇದ್ಯ ಮಾಡಿದೆ. ಮಾರನೆಯ ದಿನ ಸ್ವಿಚ್ಚು ಹಾಕಿ, ಆ ಗುಂಡಿಯನ್ನೂ ಒತ್ತಿದೆ. ದೀಪವೇನೋ ಹತ್ತಿತು, ಫೋನಿನಲ್ಲಿ ಮಾತ್ರ ಆಕಾಶ ಖಾಲಿ.

ಪಲ್ಲವಿ ಪೂಜೆಯ ದಿನವೇ ಫೋನು ಮಾಡಿದ್ದಳು. ಕರೆಂಟು ಇದೆಯಾ ಎಂದು ಕೇಳಿದಳು. ಇದೆ ಎಂದೆ, ಸುಳ್ಳಲ್ಲ, ಫ್ಯಾನು ತಿರುಗುತ್ತಿತ್ತು. ಮುಟ್ಟಿದೆಯಾ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳು ಇಂಟರ್ನೆಟ್ಟಿನವನ ಮೇಲೆ ಸಿಟ್ಟಾದಳು. ಪಾಪ, ಅವನು ಬಂದು, ಕುಂಕುಮವಿಟ್ಟ ಡಬ್ಬಿಗೆ ಕೈಮುಗಿದು, ತನ್ನ ಲೈನು ಸರಿಯಿದೆ ಎಂದು ಹೇಳಿ ಹೋದ. ಮೂರನೆಯ ದಿನ ಅವಳು ಸೋತ ದನಿಯಲ್ಲಿ, “ಆ ಜಾಗ ನಂಬೋಕಾಗಲ್ಲ ಅಜ್ಜಿ. ಬಿಚ್ಕೊಂಡು ಹೋಗಿ ಎಲೆಕ್ಟ್ರಾನಿಕ್ ಸಿಟೀಲಿ ನನ್ ಫ್ರೆಂಡ್ ಮನೆ ಮೇಲೆ ಹಾಕ್ಬಿಡ್ತೀನಿ” ಎಂದಳು.

ಫೋನು ಇಟ್ಟು ಅಂಗಳಕ್ಕೆ ಬಂದೆ. ಮೇಲೊಂದು ವಿಮಾನ ಹೋಯಿತು. ಅದು ತನ್ನ ಹೆಸರು ಹೇಳಿಕೊಂಡೇ ಹೋಗಿರಬೇಕು, ಕೇಳಿಸಿಕೊಳ್ಳುವವರೇ ಇರಲಿಲ್ಲ. ಇನ್ನು ಮೇಲೆ ನಾಲ್ಕು ಗಂಟೆಯ ಕಾಫಿ ಬರಿಯ ಕಾಫಿ. ಒಳಗೆ ಹೋಗಿ ನಾನೇ ಫೋನು ಮಾಡಿದೆ.

“ಪುಟ್ಟಿ, ಆರ್ಸಿದ್ದು ನಾನು ಕಣೇ” ಎಂದೆ.

ಪಲ್ಲವಿ ಅಂದಳು, “ಅಜ್ಜಿ, ಆ ಡಬ್ಬಿ ಐದು ನಿಮಿಷ ಸುಮ್ನಿದ್ರೆ ನಂಗೆ ಮೆಸೇಜ್ ಬರುತ್ತೆ. ನೀನು ಮೂರು ದಿನ ಸುಮ್ನಿದ್ಯಲ್ಲ.”

ಭಾನುವಾರ ಅಮ್ಮನ ಜೊತೆ ಬಂದಳು. ಅದನ್ನು ಹಾಗೆ ದಿಢೀರನೆ ಆರಿಸಬಾರದಂತೆ. ಮೊದಲು ಮಲಗು ಎಂದು ಹೇಳಿ, ಅದು ಮಲಗಿದ ಮೇಲೆ ಕರೆಂಟು ತೆಗೆಯಬೇಕಂತೆ. ಇಲ್ಲವಾದರೆ ಒಳಗಿನ ಉಗುರಿನಷ್ಟು ಕಾರ್ಡಿನಲ್ಲಿ ಬರೆದದ್ದೆಲ್ಲ ಕಲಸಿಹೋಗುತ್ತದಂತೆ. ಹೊಸ ಕಾರ್ಡು ಹಾಕಿದಳು. ವಿಮಾನಗಳು ಬಂದವು, ಆದರೆ ಹತ್ತಿರದವು ಮಾತ್ರ. ಏಕೆಂದು ನೋಡಲು ತಾರಸಿಗೆ ಹೋದವಳು ಅಲ್ಲಿಂದಲೇ ನಗತೊಡಗಿದಳು. ಲಾರಿಗೆ ಕಟ್ಟುವ ಹಾಗೆ ಪೈಪಿನ ಎರಡೂ ಬದಿಗೆ ನಾನು ಆಳೆತ್ತರದ ಬಾಳೆಕಂದು ಕಟ್ಟಿದ್ದೆ. ಸ್ಟೂಲು ಹತ್ತಿ ಕಟ್ಟಿದ್ದರಿಂದ ಅದರ ಎಲೆಗಳು ಆಂಟೆನಾವನ್ನು ತಬ್ಬಿಕೊಂಡಿದ್ದವು. ನೀರು ತುಂಬಿದ ಬಾಳೆ ಸಿಗ್ನಲ್ಲನ್ನೆಲ್ಲ ತಾನೇ ಕುಡಿದುಬಿಡುತ್ತದಂತೆ. ಪಲ್ಲವಿ ನಕ್ಕಳು ನಿಜ, ಶಾರದೆ ನಗಲಿಲ್ಲ. “ಮೆಟ್ಲು ಹತ್ಬೇಡ ಅಂದ್ರೆ ಸ್ಟೂಲ್ ಬೇರೆ ಹತ್ತಿದ್ಯೇನಮ್ಮ?” ಎಂದಳು.

ಡಬ್ಬಿಯನ್ನು ಬಿಚ್ಚಲಿಲ್ಲ. ಮುಂದಿನ ವರ್ಷದಿಂದ ಅದಕ್ಕೆ ಓಡುತ್ತಿರುವಾಗಲೇ ಪೂಜೆ. ಬದಲಿಗೆ ಪಲ್ಲವಿ ಒಂದು ಕರಾರು ಹಾಕಿದಳು: ದಿನವೂ ಸಂಜೆ ನಾನೇ ಫೋನು ಮಾಡಿ ಹೆಸರು, ಜಾಗ, ಎತ್ತರ ಹೇಳಬೇಕು, ವಿಮಾನದ ಹಾಗೆ. ಮೊದಮೊದಲು ನಾಲಿಗೆ ತಡವರಿಸಿತು. ಈಗ ಗಟ್ಟಿಯಾಗಿಯೇ ಹೇಳುತ್ತೇನೆ: “ನಾನು ಕಣೇ, ಪುಟ್ಟಲಕ್ಷ್ಮಮ್ಮ. ಅತ್ತಿಬೆಲೆ. ನೆಲದ ಮೇಲೆ.”

ವಿಮಾನಗಳು ಎತ್ತರದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲವಂತೆ. ನಾನು ಇನ್ನೂ ಅಷ್ಟು ಕಲಿತಿಲ್ಲ. ನಿಮ್ಮಲ್ಲೇ ಇರಲಿ, ಶಾರದೆಗೆ ಹೇಳಬೇಡಿ: ತಾರಸಿಯಿಂದ ಆಕಾಶ ಇನ್ನೂ ಚೆನ್ನಾಗಿ ಕಾಣುತ್ತದೆ.