ಹೊತ್ತು ಮುಳುಗುವ ಮುಂಚೆ ಉಣ್ಣುವ ನಾಯಿ

ನಮ್ಮ ಮಾವನವರಿಗೆ ತಲೆ ಕೆಟ್ಟಿದೆ ಎಂದು ನಾನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ. ಹೇಳಿದರೆ ಅವರ ಮನೆಯಲ್ಲಿ ರಾತ್ರಿ ಊಟ ಸಿಗುವುದಿಲ್ಲ ಎಂಬ ಹೆದರಿಕೆಯಿಂದಲ್ಲ. ಹೇಳದಿದ್ದರೂ ಅಲ್ಲಿ ರಾತ್ರಿ ಊಟ ಸಿಗುವುದಿಲ್ಲ!

ಅವರದು ದಾನೋಳಿಯ ಹತ್ತಿರ ತೋಟದ ಮನೆ. ಹಳೆಯ ಜೈನ ಮನೆತನ. ಹೊತ್ತು ಮುಳುಗಿದ ಮೇಲೆ ಅಲ್ಲಿ ಒಲೆಯ ಮೇಲೆ ಪಾತ್ರೆ ಏರುವುದಿಲ್ಲ, ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಹಾಗೆ ನೋಡಿದರೆ ನಾನೂ ಜೈನನೇ. ಆದರೆ ನಾನು ಇಚಲಕರಂಜಿಯ ಜೈನ. ಅಲ್ಲಿನ ಶಹಾಪುರದ ಮಗ್ಗದ ಶೆಡ್ಡೊಂದರಲ್ಲಿ ನೂಲಿನ ಕಂಡಿಕೆ ಸುತ್ತುವುದರಿಂದ ಆರಂಭಿಸಿ, ಯಾರ ಹಂಗೂ ಇಲ್ಲದೆ, ಹಳೆಯ ಪವರ್‌ಲೂಮ್ ಮಗ್ಗಗಳನ್ನು ಕೊಂಡು ಮಾರುವ ವ್ಯಾಪಾರಕ್ಕೆ ಬಂದು ನಿಂತವನು. ನನ್ನ ಗಿರಾಕಿ ಬರುವುದೇ ದೀಪ ಹಚ್ಚಿದ ಮೇಲೆ. ಅವನನ್ನು ಕೂರಿಸಿ ಸೂರ್ಯನ ಹಿಂದೆ ಓಡಿದರೆ ಮನೆ ನಡೆಯುತ್ತದೆಯೇ?

ಬೇಸಿಗೆಯಲ್ಲಾದರೆ ಸೂರ್ಯನೂ ಒಂದಿಷ್ಟು ಮಾತಿಗೆ ಸಿಗುತ್ತಾನೆ. ಚಳಿಗಾಲದಲ್ಲಿ ಅವನು ಕಚೇರಿಯ ಗುಮಾಸ್ತನ ಹಾಗೆ. ನೀವು ಬಾಗಿಲಿಗೆ ಬರುವಷ್ಟರಲ್ಲಿ ಚೀಲ ಹೆಗಲಿಗೇರಿಸಿ ಹೊರಟಿರುತ್ತಾನೆ. ಮದುವೆಯಾದ ಮೊದಲ ಚಳಿಗಾಲದಲ್ಲಿ ನಾನು ಮಾವನ ಮನೆ ಮುಟ್ಟಿದಾಗ ಪಡುವಣದಲ್ಲಿ ಇನ್ನೂ ಕೆಂಪು ಇತ್ತು. ಹೊಸ ಅಳಿಯ, ಹೊಟ್ಟೆಯೂ ಹಸಿದಿತ್ತು.

“ತಡಾ ಆತ್ರೀ ಅಳಿಯಂದ್ರ,” ಎಂದರು ಮಾವ.

“ಇನ್ನೂ ಬೆಳಕ ಐತಲ್ಲ ಮಾವಾರ.”

“ನಿಮ್ಮ ಅಂಗೈಯಾಗಿನ ಗೆರಿ ಕಾಣ್ತಾವೇನು ನೋಡ್ರಿ.”

ನಾನು ನೋಡಿದೆ. “ಕಾಣ್ತಾವ್ರಿ.”

“ನನಗ ಕಾಣವೊಲ್ಲವು,” ಎಂದರು. ಗೆರೆ ಕಾಣದಿದ್ದರೆ ಹೊತ್ತು ಮುಳುಗಿದ ಲೆಕ್ಕ.

ನನ್ನ ಅಂಗೈಗೆ ಅವರ ಕಣ್ಣು ಯಾಕೆ ಬೇಕು ಎಂದು ನಾನು ವಾದಿಸಿದೆ. ಮುರಿದ ಮಗ್ಗವನ್ನು ಓಡುವ ಮಗ್ಗದ ಬೆಲೆಗೆ ಮಾರಿದ ಬಾಯಿ ನನ್ನದು. ಏನೂ ನಡೆಯಲಿಲ್ಲ. ಹಸಿದ ಹೊಟ್ಟೆಯಲ್ಲಿ ಅಂಗಳಕ್ಕೆ ಬಂದರೆ ಅಲ್ಲಿ ಕಂದು ಬಣ್ಣದ ನಾಯಿಯೊಂದು ಖಾಲಿ ಬಟ್ಟಲನ್ನು ನಾಲಿಗೆಯಿಂದ ಮೂಲೆಯಿಂದ ಮೂಲೆಗೆ ತಳ್ಳುತ್ತಿತ್ತು. ಅದೇ ಮೋತ್ಯಾ. ಮಾವ ಅದರ ತಲೆ ಸವರಿ, “ಇಂವಾ ಉಂಡಾನ, ಆಮ್ಯಾಲ ನಾನೂ ಉಂಡೇನಿ. ನೀವಷ್ಟ ಹಿಂದ ಬಿದ್ರಿ,” ಎಂದರು. ಅಳಿಯನನ್ನು ನಾಯಿಯ ಜೊತೆ ಪಂದ್ಯಕ್ಕೆ ಹಚ್ಚಿ, ಸೋಲಿಸಿ, ಮೇಲೆ ಸಮಾಧಾನ ಬೇರೆ!

ನನ್ನ ಮಾತು ಕೇಳಿ. ಹೆಣ್ಣು ನೋಡಲು ಹೋದಾಗ ಹೊಲ ಎಷ್ಟು, ಬಾವಿಗೆ ನೀರೆಷ್ಟು ಎಂದು ಕೇಳುತ್ತಾ ಕೂರಬೇಡಿ. ಮಾವನ ಮನೆಯಲ್ಲಿ ನಾಯಿ ಇದೆಯೇ ಎಂದು ಕೇಳಿ. ಇದ್ದರೆ, ಊಟದ ಪಂಕ್ತಿಯಲ್ಲಿ ಅದು ಎಷ್ಟನೆಯದು ಎಂದೂ ಕೇಳಿ.

ಈ ಮನೆಯಲ್ಲಿ ಅದು ಮೊದಲನೆಯದು. ಬಾಯಿಲ್ಲದ ಜೀವ ಮೊದಲು ಉಣ್ಣಬೇಕು, ಆಮೇಲೆ ಮನೆಯ ಯಜಮಾನ. ಇದು ಮಾವನವರ ನೇಮ. ನಾಯಿಗೂ ಅವರದೇ ವ್ರತಗಳು. ಹೊತ್ತು ಮುಳುಗುವ ಮುಂಚೆ ಊಟ. ಗಡ್ಡೆ ಗೆಣಸು ಇಲ್ಲ. ಕುಡಿಯುವ ನೀರನ್ನು ಬಿಳಿಯ ಬಟ್ಟೆಯಲ್ಲಿ ಸೋಸಿ ಇಡುತ್ತಾರೆ. ಮೋತ್ಯಾ ಆ ಸೋಸಿದ ನೀರಿನ ಮುಂದೆ ಭಕ್ತಿಯಿಂದ ಒಂದು ಕ್ಷಣ ನಿಂತು, ನೇರವಾಗಿ ಎಮ್ಮೆಯ ಬಾನಿಗೆ ಹೋಗಿ ಹೊಟ್ಟೆ ತುಂಬ ಕುಡಿದು ಬರುತ್ತಾನೆ. ಇದನ್ನು ತೋರಿಸಿದರೆ ಮಾವ, “ಅದು ಅವನ ಕರ್ಮ. ಸೋಸೂದು ನನ್ನ ಕೆಲಸ,” ಎನ್ನುತ್ತಾರೆ.

ಇನ್ನು ಚಿಗಟಗಳ ವಿಷಯ. ಚಳಿಗಾಲದ ಎಳೆಬಿಸಿಲಿನಲ್ಲಿ ಮಾವ ಮೋತ್ಯಾನನ್ನು ಮಗ್ಗುಲಿಗೆ ಮಲಗಿಸಿಕೊಂಡು ಚಿಗಟ ಹುಡುಕುತ್ತಾರೆ. ಸಿಕ್ಕಿದ್ದನ್ನು ಕೊಲ್ಲುವ ಹಾಗಿಲ್ಲ. ಒಂದೊಂದನ್ನೂ ಎಲೆಯ ಮೇಲಿಟ್ಟು ಹುಲ್ಲಿನ ಬಣವೆಯ ಹತ್ತಿರ ಬಿಟ್ಟು ಬರುತ್ತಾರೆ. ಬಣವೆಯ ಪಕ್ಕದಲ್ಲೇ ಅತಿಥಿಗಳ ಕೋಣೆ! ನಾನು ಪೇಟೆಯಿಂದ ಚಿಗಟದ ಪುಡಿ ತಂದುಕೊಟ್ಟೆ. ಮಾವ ಡಬ್ಬಿಯನ್ನು ತಿರುಗಿಸಿ ನೋಡಿ, “ಅವೂ ಮಕ್ಕಳ ಮರಿ ಕಟ್ಟಿಕೊಂಡಾವ್ರಿ,” ಎಂದು ನನ್ನ ಕೈಗೇ ವಾಪಸು ಕೊಟ್ಟರು. ಅಂದು ನಾನು ಕೆರೆದುಕೊಂಡಿದ್ದಕ್ಕೆ ಲೆಕ್ಕವಿಲ್ಲ.

ಅತ್ತೆಯವರು ಒಂದು ಮಳೆಗಾಲವೆಲ್ಲ ಕೂತು ಹೊಲಿದ ಕೌದಿಯ ಕತೆಯೂ ಇದೇ. ನಡುವೆ ನನ್ನ ಹೆಂಡತಿಯ ಹಳೆಯ ಸೀರೆಯ ಅಂಚಿತ್ತು. ಅದು ಅಳಿಯನಿಗೆಂದು ಹೊಲಿದದ್ದು. ಮರುವರ್ಷ ಹೋದಾಗ ಅದರ ಮೇಲೆ ಮೋತ್ಯಾ ಮಲಗಿದ್ದ. ನನಗೆ ಕೊಟ್ಟಿದ್ದು ಮುಳ್ಳುಹಂದಿಯ ಚರ್ಮದಂಥ ಕರಿಕಂಬಳಿ. “ಅವಗ ಸಂದು ನೋವ್ರಿ. ನೀವು ಇನ್ನೂ ಹರೇದಾವರು,” ಎಂದು ಅತ್ತೆಯೇ ಹೇಳಿದರು. ಹರೆಯದವನಂತೆ! ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಹಳೆಯ ಮಗ್ಗದ ಹಾಗೆ ಸದ್ದು ಮಾಡುವುದು ಅವರಿಗೇನು ಗೊತ್ತು?

ಹಳೆಯ ಸಾಮಾನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯಾವುದು ಇನ್ನೂ ಓಡುತ್ತದೆ, ಯಾವುದು ಗುಜರಿಗೆ ಹೋಗುತ್ತದೆ ಎಂಬುದನ್ನು ಸದ್ದಿನಿಂದಲೇ ಹೇಳುತ್ತೇನೆ. ಮೋತ್ಯಾನ ಕಿವಿ ಹೋಯಿತು, ಆಮೇಲೆ ಹಲ್ಲು ಹೋದವು, ಒಂದು ಕಣ್ಣಿಗೆ ಹಾಲಿನ ಪೊರೆ ಬಂತು. ಹಿತ್ತಲಿನಿಂದ ಯಾರೋ ಪಂಪಿನ ಕೇಬಲ್ ಕದ್ದೊಯ್ದಾಗ ಆತ ಬಾವಿಕಟ್ಟೆಗೆ ಬೊಗಳುತ್ತಿದ್ದ. ಆಗ ನಾನು ಪರಿಚಯದವರಿಂದ ಚೌಕಾಸಿ ಮಾಡಿ ಒಂದು ಗಟ್ಟಿಮುಟ್ಟಾದ ಎಳೆಯ ನಾಯಿಯನ್ನು ತಂದುಕೊಟ್ಟೆ. ಅದು ಗಾಡಿಯಿಂದ ಇಳಿದದ್ದೇ ಆವರಣಕ್ಕೆಲ್ಲ ಒಂದು ಸುತ್ತು ಹಾಕಿ, ನಾಲ್ಕು ದಿಕ್ಕಿಗೂ ಬೊಗಳಿ, ಮೋತ್ಯಾನ ಬಟ್ಟಲಿಗೆ ಬಾಯಿ ಹಾಕಿತು. ವಾರ ಕಳೆಯುವುದರೊಳಗೆ ಮಾವ ಅದನ್ನೂ, ಜೊತೆಗೆ ಒಂದು ಚೀಲ ಶೇಂಗಾವನ್ನೂ ನಮ್ಮ ಅಂಗಡಿಗೆ ಕಳಿಸಿದರು. ಫೋನಿನಲ್ಲಿ ಹೇಳಿದ್ದಿಷ್ಟು: “ಚಲೋ ಹುಡುಗ ಅದಾನ್ರಿ. ಆದ್ರ ನಮ್ಮಲ್ಲಿ ಜಾಗಾ ಖಾಲಿ ಇಲ್ಲ.”

ಇವೆಲ್ಲ ನಾನು ನುಂಗಿಕೊಂಡೆ. ಈ ಚಳಿಗಾಲದ್ದು ಮಾತ್ರ ನುಂಗುವಂಥದ್ದಲ್ಲ.

ಕಬ್ಬು ಕಡಿಯುವ ಗ್ಯಾಂಗು ಬಂದಿತ್ತು. ಟ್ರ್ಯಾಕ್ಟರು ತುಂಬಿ ಹೋಗುವ ತನಕ ಮಾವ ಹೊಲದಲ್ಲೇ ನಿಲ್ಲುತ್ತಿದ್ದರು. ಮೊದಲೆಲ್ಲ ಮೋತ್ಯಾ ಅವರ ಹಿಂದೆಯೇ ಇರುತ್ತಿದ್ದ. ಈಗ ಅಷ್ಟು ದೂರ ನಡೆಯಲಾರ, ಮನೆಯಲ್ಲೇ ಬಿದ್ದಿರುತ್ತಾನೆ. ಅತ್ತೆ ಸಂಜೆಗೆ ಮುಂಚೆಯೇ ಹಾಲಿನಲ್ಲಿ ರೊಟ್ಟಿ ನೆನೆಸಿ ಮುಂದಿಟ್ಟರೆ ಕಣ್ಣು ತೆರೆಯುವುದಿಲ್ಲ. ಮಾವ ಬರುವಾಗ ಸೂರ್ಯ ಗಿಡಗಳ ತಲೆಗೆ ತಾಗಿರುತ್ತಾನೆ. ಆಗ ಮೋತ್ಯಾ ಎದ್ದು ಉಣ್ಣಲು ತೊಡಗುತ್ತಾನೆ. ಹಲ್ಲಿಲ್ಲದ ಬಾಯಿ, ಒಂದು ರೊಟ್ಟಿಗೆ ಒಂದು ಯುಗ. ಅವನು ಮುಗಿಸುವಷ್ಟರಲ್ಲಿ ಕತ್ತಲು. ಕತ್ತಲಾದರೆ ಮಾವನಿಗೆ ಊಟವಿಲ್ಲ.

ಹೀಗೆ ದಿನಾ ಉಪವಾಸ! ಒಂದು ದಿನ ಕಾಲುವೆಯ ಏರಿಯ ಮೇಲೆ ತಲೆ ತಿರುಗಿ ಕೂತುಬಿಟ್ಟರಂತೆ. ಊಟದ ಮೇಲೆ ನುಂಗಬೇಕಾದ ಸಂಜೆಯ ಗುಳಿಗೆಗಳು ಹಾಗೇ ಉಳಿಯುತ್ತಿದ್ದವು. “ಹಿಂಗಾದ್ರ ಅಪ್ಪಾ ಈ ಥಂಡಿ ದಾಟೂದಿಲ್ಲ,” ಎಂದು ನನ್ನ ಹೆಂಡತಿ ಕಣ್ಣೀರು ತೆಗೆದಳು. “ನೀವು ಊರ ಮಂದೀಗೆಲ್ಲ ಬುದ್ಧಿ ಹೇಳ್ತೀರಿ. ಒಮ್ಮೆ ಅವರಿಗೂ ಹೇಳಿ ಬರ್ರಿ.”

ಮರುದಿನ ಮುಂಜಾನೆಯೇ ಅಂಗಡಿಗೆ ಬೀಗ ಹಾಕಿ ಹೋದೆ. ಮಾವನ ಕುತ್ತಿಗೆಯ ಎಲುಬು ಅಂಗಿಯ ಹೊರಗೆ ಕಾಣುತ್ತಿತ್ತು. ನನಗೆ ಬಂದ ಸಿಟ್ಟಿಗೆ ಚಳಿಯೇ ಹೋಯಿತು.

“ಮಾವಾರ, ನೀವು ಮೊದಲ ಉಣ್ರಿ. ನಾಯಿ ಆಮ್ಯಾಲ ಉಂಡರ ಏನ್ ಗಂಟ ಹೋಗತೈತಿ?”

“ಹಂಗ ಹೆಂಗ ಆಗತೈತ್ರಿ?”

“ಹಂಗಾರ ನಾಕ ಗಂಟೇಕ ಅವನ್ನ ಎಬ್ಬಸೂಣು.”

“ಮಲಗಿದ ಮುದುಕನ್ನ ಎಬ್ಬಸಬಾರದ್ರಿ.”

“ಅಂವಾ ಕತ್ತಲಾಗ ಉಣ್ತಾನಲ್ಲ. ಅವನ ವ್ರತಾ ಎಲ್ಲಿ ಹೋತು?”

“ಅವಗ ವಯಸ್ಸಾಗೇತಿ. ಅವನ ವ್ರತಾ ನಾ ಬಿಡಿಸೀನಿ.”

“ನಿಮಗ ವಯಸ್ಸಾಗಿಲ್ಲೇನ್ರಿ?”

ಮಾವ ನನ್ನನ್ನು ನೋಡಿದರು. “ನಂದು ಬಿಡಿಸಾವರು ಯಾರ್ರಿ?” ಎಂದು ಕೇಳಿ ಟವೆಲು ಕೊಡವಿ ಹೊಲಕ್ಕೆ ಹೊರಟೇಬಿಟ್ಟರು.

ನೋಡಿದಿರಾ? ನಾಯಿಗೆ ರಿಯಾಯಿತಿ ಉಂಟು, ತನಗಿಲ್ಲ! ಇಂಥ ಗಿರಾಕಿಯ ಜೊತೆ ಯಾವ ವ್ಯಾಪಾರ ಮಾಡುತ್ತೀರಿ?

ಆದರೆ ನಾನೂ ಬಿಡುವವನಲ್ಲ. ಯಂತ್ರ ನಿಂತರೆ ಬೈಯಬಾರದು, ಎಲ್ಲಿ ಸಿಕ್ಕಿಕೊಂಡಿದೆ ನೋಡಬೇಕು. ನೋಡಿದೆ. ಮೋತ್ಯಾನ ಹಾಸಿಗೆ ಇದ್ದದ್ದು ಪಡುವಣ ಗೋಡೆಗೆ. ಕೊನೆಯ ಬಿಸಿಲು ಬೀಳುವುದೇ ಅಲ್ಲಿ. ಬೆಚ್ಚಗಿರುವ ತನಕ ಯಾವ ಮುದುಕ ಏಳುತ್ತಾನೆ? ಹಾಸಿಗೆಯನ್ನು ಮೂಡಣ ಗೋಡೆಗೆ ಒಯ್ದರೆ ಮಧ್ಯಾಹ್ನ ಇಳಿಯುತ್ತಲೇ ನೆರಳು. ನೆರಳು ಬಂದರೆ ಚಳಿ, ಚಳಿಯಾದರೆ ಎಚ್ಚರ, ಎಚ್ಚರವಾದರೆ ಊಟ. ನಾವು ಎಬ್ಬಿಸಿದ ಪಾಪವೂ ಇಲ್ಲ, ಸೂರ್ಯನೇ ಎಬ್ಬಿಸುತ್ತಾನೆ. ನನ್ನ ಬುದ್ಧಿಗೆ ನಾನೇ ತಲೆದೂಗಿ, ಮೋತ್ಯಾನನ್ನು ಕೌದಿಯ ಸಮೇತ ಎತ್ತಿದೆ. ನಡುದಾರಿಯಲ್ಲಿ ಆತ ನನ್ನ ಇಸ್ತ್ರಿ ಪ್ಯಾಂಟಿನ ಮೇಲೆ ತನ್ನ ಅಭಿಪ್ರಾಯ ಸುರಿಸಿದ. ಸಹಿಸಿಕೊಂಡೆ.

ಲೆಕ್ಕ ತಪ್ಪಲಿಲ್ಲ. ನೆರಳು ಬಂತು, ಮೋತ್ಯಾ ನಡುಗಿದ, ಎದ್ದ. ನಾನು ಗೆದ್ದವನಂತೆ ಬಟ್ಟಲನ್ನು ಮುಂದಿಟ್ಟೆ. ಆತ ಮೂಸಿದ. ನನ್ನನ್ನು ನೋಡಿದ. ಆಮೇಲೆ ಬಟ್ಟಲಿಗೆ ಬೆನ್ನು ತಿರುಗಿಸಿ, ಹಿಂಗಾಲು ಎಳೆಯುತ್ತ, ಹೊಲದ ದಾರಿ ಹಿಡಿದ.

“ಅತ್ತ್ಯಾರ, ಇಂವಾ ಎಲ್ಲಿ ಹೊಂಟಾನ?”

“ಮತ್ತೆಲ್ಲಿರಿ? ಅವರ ಕಡೆ,” ಎಂದರು ಅತ್ತೆ. ತಮ್ಮ ಊತ ಬಂದ ಕಾಲುಗಳನ್ನು ತೋರಿಸಿ, “ನಾ ಅಷ್ಟ ದೂರ ನಡೀಲಾರೆ. ನೀವು ಹೋಗ್ರಿ,” ಎಂದು ಒಂದು ಕೈಗೆ ಬಟ್ಟಲು, ಇನ್ನೊಂದು ಕೈಗೆ ಮಾವನ ರೊಟ್ಟಿಯ ಗಂಟು ತುರುಕಿದರು.

ಹೊಲದ ದಾರಿ ಕಬ್ಬಿನ ಟ್ರ್ಯಾಕ್ಟರು ಓಡಾಡಿ ಉತ್ತ ಹಾಗಾಗಿತ್ತು. ನನ್ನ ಗಾಡಿ ಹೋಗುವಂತಿರಲಿಲ್ಲ. ಮುಂದೆ ನಾಯಿ, ಹಿಂದೆ ಬಟ್ಟಲು ಹಿಡಿದ ನಾನು. ಆತ ನಾಲ್ಕು ಹೆಜ್ಜೆ ಇಡುತ್ತಾನೆ, ಕೂರುತ್ತಾನೆ, ಮೂಗು ಎತ್ತಿ ಗಾಳಿ ಎಳೆದುಕೊಳ್ಳುತ್ತಾನೆ, ಮತ್ತೆ ಏಳುತ್ತಾನೆ. ಎದುರಿಗೆ ಬಂದ ಗ್ಯಾಂಗಿನ ಮೇಸ್ತ್ರಿ ಹಲ್ಲು ಕಿರಿದು ಮರಾಠಿಯಲ್ಲಿ, “ಕಾಯ್ ದಾಜೀ, ಕುತ್ರ್ಯಾಲಾ ಫಿರಾಯ್ಲಾ ನೇತಾಯ್ ಕಾ?” ಎಂದ. ಏನು ಭಾವ, ನಾಯಿಯನ್ನು ತಿರುಗಾಡಿಸಲು ಹೊರಟಿರಾ ಎಂದು ಕೇಳುವ ಸಲಿಗೆ ನೋಡಿ! “ನಾನಲ್ಲಪಾ, ಇವನೇ ನನ್ನ ತಿರಗಾಡಸಾಕತ್ತಾನ,” ಎಂದೆ. ಕಾಲುವೆಯ ಹತ್ತಿರ ಮೋತ್ಯಾ ಬಿದ್ದ. ಮತ್ತೆ ಏಳಲಿಲ್ಲ. ಬೈಯುತ್ತಲೇ ರೊಟ್ಟಿಯ ಗಂಟನ್ನು ಮೊಳಕೈಗೆ ಸಿಕ್ಕಿಸಿ, ಅವನನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಎತ್ತಿದಾಗ ಗೊತ್ತಾಯಿತು, ಮೈಯಲ್ಲಿ ಕೂದಲಷ್ಟೇ ಉಳಿದಿತ್ತು. ಮನೆಯಂಗಳದಲ್ಲಿ ಭಾರ ಅನ್ನಿಸಿದ್ದು ಅತ್ತೆಯ ಕೌದಿಯಿರಬೇಕು.

ಹೊಲದ ತುದಿಯಲ್ಲಿ ಮಾವ ನಮ್ಮನ್ನು ನೋಡಿ ಕುಡುಗೋಲು ಕೆಳಗಿಟ್ಟರು. ಮೋತ್ಯಾನನ್ನು ಇಳಿಸಿದೆ. ಆತ ಅವರ ಕಾಲು ಮೂಸಿ, ಅಲ್ಲೇ ಕುಸಿದು ಕೂತು, ಬಟ್ಟಲಿಗೆ ಬಾಯಿ ಹಾಕಿದ. ಮಲಗಿದ್ದಾನೆ ಎಂದು ಮನೆ ಮಂದಿಯೆಲ್ಲ ತಿಳಿದಿದ್ದೆವಲ್ಲ, ಇಷ್ಟು ದಿನ ಆತ ಮಲಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಮಾವನ ದಾರಿ ಕಾಯುತ್ತಿದ್ದ. ಇವರು ಅವನು ಉಣ್ಣಲಿ ಎಂದು, ಅವನು ಇವರು ಬರಲಿ ಎಂದು.

ಬಿಸಿಲು ಇನ್ನೂ ಇತ್ತು. ಮೋತ್ಯಾ ನಿಧಾನವಾಗಿ ಮುಗಿಸಿದ. ಮಾವ ಕಡಿದ ಕಬ್ಬಿನ ಸೋಗೆಯ ಮೇಲೆ ಕೂತು ಗಂಟು ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಕಾಯಿ. ಎಷ್ಟೋ ಸಂಜೆಗಳ ಹಸಿವು ಅದು. ತುತ್ತಿನ ಮೇಲೆ ತುತ್ತು ಉಣ್ಣತೊಡಗಿದರು. ನಾನು ಎದುರಿಗೆ ಕೂತು, ನನ್ನ ಕೆಸರು ಪ್ಯಾಂಟು ಒರೆಸಿಕೊಳ್ಳುತ್ತ, ಬೈಗುಳದ ಬಾಕಿಯನ್ನೆಲ್ಲ ತೀರಿಸತೊಡಗಿದೆ. ಗ್ಯಾಂಗು ಇರುವ ತನಕ ದಿನಾ ಯಾರು ಇವನನ್ನು ಹೊತ್ತು ತರಬೇಕು? ನನಗೇನು ಬೇರೆ ಕೆಲಸವಿಲ್ಲವೇ? ಇಚಲಕರಂಜಿಯಿಂದ ದಿನಾ ಓಡಿ ಬರಲೇ? ವ್ಯವಹಾರ ತಿಳಿದವರು ಮುಂದಿನದನ್ನು ಯೋಚಿಸಬೇಕು. ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ:

“ಈ ಥಂಡಿ ಅಂವಾ ದಾಟೂದಿಲ್ರಿ ಮಾವಾರ. ಅಂವಾ ಹ್ವಾದ ಮ್ಯಾಲ ಏನ್ ಮಾಡ್ತೀರಿ?”

ಮಾವ ಬಾಯಲ್ಲಿದ್ದ ತುತ್ತನ್ನು ನುಂಗಿದರು. ಮೋತ್ಯಾನ ಗದ್ದಕ್ಕೆ ಅಂಟಿದ ಹಾಲನ್ನು ಹೆಬ್ಬೆರಳಿನಿಂದ ಒರೆಸಿದರು.

“ಏನ್ ಮಾಡೂದ್ರಿ,” ಎಂದರು. “ಲಗೂ ಉಣ್ತೇನು. ಆಮ್ಯಾಲ ಹೊತ್ತು ಭಾಳ ಉಳೀತೈತಿ.”

ನಾನು ಖಾಲಿ ಬಟ್ಟಲನ್ನು ಎತ್ತಿಕೊಂಡೆ. ಎದ್ದು ಮೋತ್ಯಾನನ್ನು ಮತ್ತೆ ಹೆಗಲಿಗೆ ಹಾಕಿಕೊಂಡೆ. “ನಾಳೆ ನಾ ಇವನ್ನ ಹೊತಗೊಂಡು ಬರೂತನಾ ಟ್ರ್ಯಾಕ್ಟರ್ ಹಿಂದ ನಿಂದ್ರಬ್ಯಾಡ್ರಿ, ಇಲ್ಲೇ ಬದುವಿನ ಮ್ಯಾಲ ಕೂಡ್ರಿ,” ಎಂದು ಮಾವನವರಿಗೆ ಹೇಳಿ ಮನೆಯ ಕಡೆ ನಡೆದೆ.