ಮೂರು ತಿರುವು, ಮೂರು ಕುರ್ಚಿ

ಈ ಲೋಕದಲ್ಲಿ ಪರೋಪಕಾರಕ್ಕೆ ಬೆಲೆಯಿಲ್ಲ ಎಂಬುದು ನನಗೆ ತಿಳಿದದ್ದು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ. (ನಾನು ಮಾಡಿದ್ದು ಪರೋಪಕಾರವೇ ಅಲ್ಲ ಎಂಬುದು ಬೇರೆ ಮಾತು.)

ತರಕಾರಿ ಸಗಟು ಮಾರುಕಟ್ಟೆಯಲ್ಲಿ ಮೂವತ್ತೆರಡು ವರ್ಷ ಹರಾಜು ಕೂಗಿದವನು ನಾನು. ಒಂದೇ ಉಸಿರಿಗೆ ಹದಿನಾಲ್ಕು ಮೂಟೆ ಈರುಳ್ಳಿ ಮಾರಿದ ಕೀರ್ತಿ ನನ್ನದು. ಆ ಉಸಿರು ಈಗ ಚಪ್ಪಲಿ ಮೆಟ್ಟುವುದಕ್ಕೂ ಸಾಲದು. ಮಾರುಕಟ್ಟೆಯ ಧೂಳೂ ದಿನಕ್ಕೊಂದು ಪ್ಯಾಕೆಟ್ ಸಿಗರೇಟೂ ಸೇರಿ ಶ್ವಾಸಕೋಶವನ್ನು ಪಾಲು ಮಾಡಿಕೊಂಡಿವೆ ಎಂದರು ಡಾಕ್ಟರು. ಸಿಗರೇಟನ್ನು ಅಂದೇ ಬಿಟ್ಟೆ. (ಹೆಂಡತಿ ಕಿತ್ತುಕೊಂಡಳು ಎಂದರೂ ನಡೆದೀತು.)

“ಇದು ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ. ಆದ್ರೆ ಇದನ್ನ ಕಟ್ಟಿಕೊಂಡೇ ಚೆನ್ನಾಗಿ ಬಾಳಬಹುದು,” ಎಂದರು ಡಾಕ್ಟರು.

“ಅದಕ್ಕೇನು ಬಿಡಿ ಡಾಕ್ಟ್ರೇ, ವಾಸಿಯಾಗದ್ದನ್ನ ಕಟ್ಟಿಕೊಂಡು ಬಾಳೋದು ನನಗೆ ಮೂವತ್ತು ವರ್ಷದಿಂದ ಅಭ್ಯಾಸ,” ಎಂದಳು ಹೆಂಡತಿ, ನನ್ನನ್ನೇ ನೋಡುತ್ತ.

ನಮ್ಮ ಮನೆ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಐವತ್ತನಾಲ್ಕು ಮೆಟ್ಟಿಲು, ಮೂರು ತಿರುವು. ದಿನವೂ ಇಳಿದು ಹತ್ತಬೇಕು, ಮೂಗಿನಿಂದ ಉಸಿರೆಳೆದು ತುಟಿ ಚೂಪು ಮಾಡಿ ನಿಧಾನ ಬಿಡಬೇಕು, ದಣಿದಲ್ಲಿ ನಿಲ್ಲಬೇಕು ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವಾಕೆ ಹೇಳಿ ಕಳಿಸಿದಳು. ಅದಕ್ಕೆ ನನ್ನ ಹೆಂಡತಿ ತನ್ನದೊಂದು ಕಲಮು ಸೇರಿಸಿದಳು.

“ನೋಡಿ, ಒಂದು ತಿಂಗಳು ಟೈಮು. ತಿಂಗಳ ಕೊನೇಲಿ ಹತ್ತು ನಿಮಿಷದೊಳಗೆ ಹತ್ತಿ ಬಂದ್ರೆ ಇದೇ ಮನೆ. ಇಲ್ಲಾಂದ್ರೆ ಅಣ್ಣನ ಮನೆ ಕೆಳಗಿನ ಭಾಗಕ್ಕೆ ಹೋಗೋದೇ.”

ಅವಳ ಅಣ್ಣ ಸಜ್ಜನರು. ಬೆಳಿಗ್ಗೆ ಐದಕ್ಕೆ ಎದ್ದು, ಉಳಿದವರನ್ನೆಲ್ಲ ಎಬ್ಬಿಸಿ, ಎದ್ದವರಿಗೆಲ್ಲ ಬುದ್ಧಿ ಹೇಳುವ ಸಜ್ಜನರು. ಅಲ್ಲಿ ಬಾಳುವುದಕ್ಕಿಂತ ಇಲ್ಲಿ ಮೆಟ್ಟಿಲ ಮೇಲೆ ಪ್ರಾಣ ಬಿಡುವುದೇ ಮೇಲು.

ಆಗ ಹೊಳೆಯಿತು ಆ ಮಹಾಯೋಜನೆ. ಊಟದ ಮೇಜಿನ ಮೂರು ಕುರ್ಚಿಗಳನ್ನು ಮೂರು ತಿರುವುಗಳಲ್ಲಿ ಸ್ಥಾಪಿಸಿಬಿಟ್ಟೆ. ಕಾಯಿಲೆಯ ವಿಷಯ ಯಾರಿಗೂ ಬಾಯಿಬಿಡಲಿಲ್ಲ. ಇಡೀ ಮಾರುಕಟ್ಟೆಯನ್ನು ಗದರಿಸಿದ ಗಂಟಲಿಗೂ ಮಾನ ಮರ್ಯಾದೆ ಇರುತ್ತದಲ್ಲ! “ಕಟ್ಟಡದ ಹಿರಿಯರ ಅನುಕೂಲಕ್ಕಾಗಿ ನನ್ನ ಅಲ್ಪ ಸೇವೆ,” ಎಂದು ಮನೆಮನೆಗೂ ಸಾರಿದೆ. (ಆ ಒಂದು ವಾಕ್ಯದ ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ.)

ಮೊದಲ ವಾರ ಸ್ವರ್ಗಸುಖ. ಒಂದನೇ ತಿರುವಿನಲ್ಲಿ ಪತ್ರಿಕೆ, ಎರಡನೆಯದರಲ್ಲಿ ಚಿಂತನೆ, ಮೂರನೆಯದರಲ್ಲಿ ಸಣ್ಣ ನಿದ್ದೆ.

“ಹಾಲು ತರೋಕೆ ಹೋದವರು ಮೊಸರು ತಂದಿದ್ದೀರಲ್ರೀ! ಒಂದು ಗಂಟೆ ಹತ್ತು ನಿಮಿಷ!”

“ಆರೋಗ್ಯ ಅವಸರಕ್ಕೆ ಬರಲ್ಲ ಕಣೇ.”

“ಕೂತರೆ ಏಳಲ್ಲ, ಅದೇ ನಿಮ್ಮ ದೊಡ್ಡ ಕಾಯಿಲೆ,” ಎಂದಳು.

ಎರಡನೇ ವಾರ ಒಂದನೇ ತಿರುವಿಗೆ ಏದುಸಿರು ಬಿಡುತ್ತ ಬಂದರೆ, ಕುರ್ಚಿಯಲ್ಲಿ ಮೊದಲ ಮಹಡಿಯ ಟೈಲರಮ್ಮ.

“ಎಂಥಾ ಒಳ್ಳೇ ಕೆಲಸ ಮಾಡಿದ್ರಿ ಅಣ್ಣಾ! ಗುಂಡಿ ಹೊಲಿಯೋಕೆ ಇಲ್ಲಿ ಎಷ್ಟು ಬೆಳಕು!”

ಕಂಬಿಗೆ ಒರಗಿ ನಿಂತೆ. ಎರಡನೇ ತಿರುವಿನಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು ಕಾಲ ಮೇಲೆ ಕಾಲು ಹಾಕಿ ವಿರಾಜಮಾನರಾಗಿದ್ದರು.

“ಬನ್ನಿ ಯಜಮಾನ್ರೇ, ಕೂರ್ತೀರಾ?”

“ಛೆ ಛೆ, ನನಗ್ಯಾಕೆ?” ಎಂದೆ. ಎದೆಯೊಳಗೆ ಕುಕ್ಕರು ಸೀಟಿ ಹೊಡೆಯಿತು.

ಮೂರನೆಯದರಲ್ಲಿ ಎದುರು ಮನೆಯ ಅಜ್ಜಿ ಮಡಿಲ ತುಂಬ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದರು.

ಮರುದಿನವೂ ಅದೇ ಮೂವರು. ಅದರ ಮರುದಿನವೂ. ದಾನ ಕೊಟ್ಟವನು ನಾನೇ. ಏಳಿ ಎನ್ನುವ ಬಾಯಿ ಎಲ್ಲಿಂದ ತರಲಿ? ಮಾತಾಡಲು ಉಸಿರೂ ಇರಲಿಲ್ಲ. ಹಾಗಾಗಿ ಕಂಬಿ ಹಿಡಿದು ನಿಂತು, ತುಟಿ ಚೂಪು ಮಾಡಿ, ಅವರ ಮಾತು ಕೇಳಿದೆ. ಮೂವತ್ತೆರಡು ವರ್ಷದಲ್ಲಿ ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಟೈಲರಮ್ಮನ ಗಿರಾಕಿಯೊಬ್ಬ ಹೊಟ್ಟೆ ಬೆಳೆಸಿಕೊಂಡು ಅಳತೆಯ ಟೇಪನ್ನು ಬೈದು ಹೋಗುವಷ್ಟರಲ್ಲಿ, ಪೋಸ್ಟ್‌ಮಾಸ್ಟರರ ಒಂದು ತಪ್ಪು ವಿಳಾಸದ ಪತ್ರ ಮನೆ ಸೇರುವಷ್ಟರಲ್ಲಿ, ಅಜ್ಜಿಯ ಎಡಮಂಡಿಯ ಕಥೆ ಮುಗಿದು ಬಲಮಂಡಿ ಶುರುವಾಗುವಷ್ಟರಲ್ಲಿ ಉಸಿರು ತಾನಾಗಿ ಹಿಂತಿರುಗಿ ಬರುತ್ತಿತ್ತು. ಹತ್ತಲು ಹಿಡಿಯುತ್ತಿದ್ದ ನಲವತ್ತು ನಿಮಿಷ ಇಪ್ಪತ್ತೈದಾಯಿತು, ಇಪ್ಪತ್ತೈದು ಹದಿನೈದಾಯಿತು.

ಪರೀಕ್ಷೆಯ ದಿನ ಹೆಂಡತಿ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಳು. ಮೂರೂ ಕುರ್ಚಿಗಳು ಭರ್ತಿ. ನನ್ನ ಔದಾರ್ಯವೇ ನನ್ನನ್ನು ಭಾವನ ಮನೆಗೆ ದೂಡುತ್ತದೆ ಎಂದುಕೊಳ್ಳುತ್ತ ಹತ್ತಿದೆ. ಮೂಗಿನಿಂದ ಎಳೆದೆ, ಬಾಯಿಂದ ಬಿಟ್ಟೆ, ನಿಂತೆ, ಹತ್ತಿದೆ.

“ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು,” ಎಂದಳು ಹೆಂಡತಿ. ಗಡಿಯಾರದ ಗಾಜನ್ನು ಸುಮ್ಮನೆ ಎರಡು ಸಲ ಒರೆಸಿದಳು.

“ನೋಡಿದ್ಯಾ! ಯಾರ ಸಹಾಯವೂ ಇಲ್ಲದೆ!” ಎಂದು ಘೋಷಿಸಿದೆ.

ಅಷ್ಟರಲ್ಲಿ ಆ ಮೂವರೂ ನನ್ನ ಹಿಂದೆಯೇ ಮೇಲೆ ಬಂದರು.

“ಅಕ್ಕಾ, ಅಣ್ಣ ಪಾಸಾದ್ರಲ್ಲ,” ಎಂದಳು ಟೈಲರಮ್ಮ. “ನಾಳೆಯಿಂದ ನಾವು ಕೂರೋದು ಬೇಡ ತಾನೆ?”

“ಏನು ಕೂರೋದು?” ಎಂದೆ.

“ಮೂರು ವಾರದ ಡ್ಯೂಟಿ ಸ್ವಾಮಿ,” ಎಂದರು ಪೋಸ್ಟ್‌ಮಾಸ್ಟರು. “ಮುಖ ಕಪ್ಪಿಟ್ರೆ ತಕ್ಷಣ ಎದ್ದು ಅವರನ್ನ ಕೂರಿಸಿ, ಇಲ್ಲಾಂದ್ರೆ ಕುರ್ಚಿ ಬಿಡಬೇಡಿ ಅಂತ ನಿಮ್ಮ ಮನೆಯವರ ಆರ್ಡರು.”

“ಹಾಗಾದ್ರೆ ನನ್ನ ಕಾಯಿಲೆ ನಿಮಗೆಲ್ಲ...”

“ಗುಟ್ಟಂತೆ ಗುಟ್ಟು! ನಿನ್ನ ಎದೆ ಸೀಟಿ ಕೇಳಿಯೇ ಬೆಳಿಗ್ಗೆ ನಾನು ಹಾಸಿಗೆ ಬಿಡ್ತಿದ್ದದ್ದು ಕಣಪ್ಪಾ,” ಎಂದರು ಅಜ್ಜಿ.

“ಕುರ್ಚಿಗಳು ಅಲ್ಲೇ ಇರಲಿ,” ಎಂದಳು ಹೆಂಡತಿ ಟೈಲರಮ್ಮನಿಗೆ. “ಎಲ್ಲ ದಿನವೂ ಒಂದೇ ಥರ ಇರಲ್ಲ. ಬೇಕಾದ ದಿನ ಕೂರಲಿ.”

ನಾನು ಅವಳ ಕಡೆ ತಿರುಗಿದೆ. “ಅಲ್ಲ, ನಾನು ಸೋತಿದ್ರೆ? ನಿಜವಾಗ್ಲೂ ನಿಮ್ಮಣ್ಣನ ಮನೆಗೆ ಹೋಗ್ತಿದ್ವಾ?”

“ಆ ಕೆಳಗಿನ ಭಾಗ ಬಾಡಿಗೆಗೆ ಹೋಗಿ ಎರಡು ತಿಂಗಳಾಯ್ತು ರೀ.”

ಸಿಟ್ಟು ಬಂತು. ಆದರೆ ಸಿಟ್ಟಿಗೂ ಉಸಿರು ಬೇಕು, ಇದ್ದದ್ದನ್ನೆಲ್ಲ ಘೋಷಣೆಗೆ ಖರ್ಚು ಮಾಡಿಬಿಟ್ಟಿದ್ದೆ. ಬಾಗಿಲಿಗೆ ಒರಗಿ, ಸುಧಾರಿಸಿಕೊಂಡು, ಬೈಯಲು ಬಾಯಿ ತೆರೆಯುವ ಹೊತ್ತಿಗೆ ಅವಳು ಎಲ್ಲರಿಗೂ ಟೀ ಕೊಟ್ಟು ನನ್ನ ಕೈಗೂ ಹಬೆಯಾಡುವ ಲೋಟ ಇಟ್ಟಾಗಿತ್ತು.

“ನಿಧಾನಕ್ಕೆ ಊದಿ ಊದಿ ಕುಡೀರಿ,” ಎಂದಳು. “ಅದೂ ವ್ಯಾಯಾಮವೇ.”